ಭಟ್ಟರ ಗುಳಿಗೆಯ ಹೊತ್ತು

ಅಂಧೇರಿಯ ಆ ದವಾಖಾನೆಯಲ್ಲಿ ನಾನು ಮಾಡುವ ಕೆಲಸ ಏನೆಂದು ಹೇಳಲು ನಮ್ಮಮ್ಮನಿಗೆ ಇನ್ನೂ ಬರುವುದಿಲ್ಲ. ನೆಂಟರು ಕೇಳಿದರೆ 'ಡಾಕ್ಟರ ಹತ್ತಿರ ಇದ್ದಾಳೆ' ಎಂದು ಮಾತು ಮುಗಿಸಿಬಿಡುತ್ತಾಳೆ. ಬೋರ್ಡಿನ ಮೇಲೆ ಕ್ಲಿನಿಕಲ್ ಫಾರ್ಮಸಿಸ್ಟ್ ಎಂದಿದೆ. ಪೇಷಂಟುಗಳ ಬಾಯಲ್ಲಿ ನಾನು ಗೋಲಿವಾಲಿ ಮೇಡಂ, ಅಂದರೆ ಗುಳಿಗೆಯವಳು. ಇಷ್ಟೆಲ್ಲ ಓದಿದ್ದು ಇದಕ್ಕಾ ಎಂದು ಮೊದಮೊದಲು ಮೈ ಉರಿಯುತ್ತಿತ್ತು. ಈಗ ಯಾರಾದರೂ ನೆಟ್ಟಗೆ ಹೆಸರು ಹಿಡಿದು ಕರೆದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಳ್ಳುತ್ತೇನೆ.

ನಮ್ಮ ಡಾಕ್ಟರು ಮರಾಠಿಯವರು, ಹಳೇ ಕಾಲದ ಫ್ಯಾಮಿಲಿ ಡಾಕ್ಟರು. ಬಾಗಿಲಲ್ಲಿ ಸದಾ ಜನ. ಒಬ್ಬೊಬ್ಬರಿಗೆ ಐದು ನಿಮಿಷ ಸಿಕ್ಕಿದರೆ ಅದೇ ಹೆಚ್ಚು. ರೋಗ ಯಾವುದೆಂದು ಅವರು ನೋಡುತ್ತಾರೆ. ಅವರು ಬರೆದ ಔಷಧಿ ಹೊಟ್ಟೆಗೆ ನಿಜವಾಗಿ ಹೋಗುತ್ತಿದೆಯೋ ಇಲ್ಲವೋ, ಯಾವ ಹೊತ್ತಿಗೆ ಹೋಗುತ್ತಿದೆ, ಒಳಗೆ ಹೋದ ಮೇಲೆ ಒಂದು ಗುಳಿಗೆ ಇನ್ನೊಂದರ ಜೊತೆ ಜಗಳ ಆಡುತ್ತಿದೆಯೋ ಎಂದು ಪಕ್ಕದ ಕೋಣೆಯಲ್ಲಿ ಕೂತು ನಾನು ನೋಡುತ್ತೇನೆ. ಅದಕ್ಕಾಗಿ ನನ್ನದೊಂದು ಹಠ: ಮನೆಯಲ್ಲಿರುವ ಔಷಧಿಯನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಬರಬೇಕು. ಜನ ತರುತ್ತಾರೆ, ಸೀರೆ ಅಂಗಡಿಯ ಚೀಲದಲ್ಲಿ, ಮಿಠಾಯಿ ಡಬ್ಬಿಯಲ್ಲಿ. ಒಬ್ಬ ಅಜ್ಜಿ ತೀರಿಕೊಂಡ ಗಂಡನ ಬಿಪಿ ಮಾತ್ರೆಗಳನ್ನು ಸುಮ್ಮನೆ ಹಾಳಾಗಬಾರದಲ್ಲ ಎಂದು ತಾವೇ ನುಂಗುತ್ತಿದ್ದರು. ನಾನು ಬೈದೆ. ಮರುವಾರ ಅವರು ನನಗೆ ಚಕ್ಕುಲಿ ತಂದುಕೊಟ್ಟರು.

ಅಡುಗೆ ಭಟ್ಟರು ಬಂದದ್ದು ತಮ್ಮ ಹೋಟೆಲಿನ ಯಜಮಾನರ ಜೊತೆ. ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲು ಅದು. ಆ ಸಾಂಬಾರಿಗಾಗಿ ಬೊರಿವಲಿಯಿಂದ ಒಂದು ಲೋಕಲ್ ಟ್ರೇನು ಮುಂಚೆಯೇ ಹಿಡಿದು ಬರುವವರಲ್ಲಿ ನಾನೂ ಒಬ್ಬಳು. ಅದನ್ನು ಮಾಡುವ ಕೈಯನ್ನು ನೋಡಿದ್ದು ಆವತ್ತೇ. ಕನ್ನಡದವರೆಂದು ಡಾಕ್ಟರು ಇಬ್ಬರನ್ನೂ ನನ್ನ ಕೋಣೆಗೆ ಕಳಿಸಿದ್ದರು.

ಭಟ್ಟರಿಗೆ ಕೆಲವು ವಾರಗಳಿಂದ ಬೆಳಗಿನ ಹೊತ್ತು ತಲೆ ತಿರುಗುತ್ತಿತ್ತು. ಡಾಕ್ಟರು ಕಿವಿಯ ತೊಂದರೆ ಇರಬಹುದೆಂದು ತಲೆಸುತ್ತಿಗೆ ಗುಳಿಗೆ ಬರೆದಿದ್ದರು. ಅದರಿಂದ ತೂಕಡಿಕೆ ಬಂತೇ ಹೊರತು ತಿರುಗುವುದು ನಿಲ್ಲಲಿಲ್ಲ. ಹಿಂದಿನ ದಿನ ಭಟ್ಟರು ವಡೆಯ ಬಾಣಲೆಯ ಮುಂದೆಯೇ ಓಲಾಡಿದ್ದನ್ನು ನೋಡಿ ಯಜಮಾನರ ಎದೆ ಧಸಕ್ಕೆಂದಿತ್ತು. ಈ ತಿಂಗಳು ಮುಗಿದೊಡನೆ ಭಟ್ಟರು ಒಲೆ ಬಿಡಬೇಕು, ಕೂಪನ್ ಕೌಂಟರಿನಲ್ಲಿ ಕೂರಬೇಕು ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಕಾದ ಎಣ್ಣೆಯ ಮುಂದೆ ಮನುಷ್ಯ ಬಿದ್ದರೆ ಯಾರು ಹೊಣೆ ಎಂದು ನನ್ನನ್ನೇ ಕೇಳಿದರು.

ಯಜಮಾನರು ಫೋನು ಬಂದು ಹೊರಗೆ ಹೋದಾಗ ಭಟ್ಟರು ಮೆಲ್ಲಗೆ ಹೇಳಿದರು, "ಕೂಪನ್ ಹರಿದು ಕೊಡ್ಲಿಕ್ಕೆ ನಾನೇ ಬೇಕಾ ಅಮ್ಮ? ಒಲೆ ಬಿಟ್ರೆ ನಾನು ಮತ್ತೆ ಎಂತ?"

ಅವರ ಚೀಲ ಬಿಚ್ಚಿದೆ. ಬಿಪಿಯದೊಂದು, ಈಚೆಗೆ ಶುರುವಾದ ಸಕ್ಕರೆ ಇಳಿಸುವುದೊಂದು, ತಲೆಸುತ್ತಿನದೊಂದು. ಸಕ್ಕರೆಯ ಗುಳಿಗೆಯನ್ನು ಬೆಳಗಿನ ತಿಂಡಿಗೆ ಮುಂಚೆ ನುಂಗುತ್ತೀರಾ ಎಂದು ಕೇಳಿದೆ. ಹೌದಂತೆ. ಆಮೇಲೆ ತಿಂಡಿ ತಿನ್ನುತ್ತೀರಾ ಎಂದರೆ, ತಿನ್ನದೆ ಉಂಟಾ ಎಂದು ನನ್ನನ್ನೇ ಅನುಮಾನದಿಂದ ನೋಡಿದರು. ಎಲ್ಲ ಸರಿಯಾಗಿತ್ತು, ತಲೆ ಮಾತ್ರ ತಿರುಗುತ್ತಿತ್ತು. ಇಂಥದ್ದು ನನಗೆ ಸಹಿಸಲಾಗುವುದಿಲ್ಲ. ಭಟ್ಟರು ಕೆಲಸ ಮಾಡುವುದನ್ನೇ ಒಮ್ಮೆ ನೋಡಿ ಬರುತ್ತೇನೆ ಎಂದೆ. ಪುಕ್ಕಟೆ ಇಡ್ಲಿಗೆ ಒಳ್ಳೆ ನೆಪ ಹುಡುಕಿದ್ದೀಯ ಎಂದು ಡಾಕ್ಟರು ನಕ್ಕರು.

ಮರುದಿನ ಮೊದಲ ಲೋಕಲ್ಲಿಗೇ ಹೊರಟೆ. ನಾನು ಹೋಟೆಲು ತಲುಪುವಷ್ಟರಲ್ಲಿ ಶಟರು ಅರ್ಧ ಮೇಲೆದ್ದಿತ್ತು, ಸಾಂಬಾರು ಕುದಿಯುತ್ತಿತ್ತು. ಒಲೆ ಹಚ್ಚಿ, ಕೈಮುಗಿದು, ನಾಲ್ಕು ಗಂಟೆಗೇ ಕಾಫಿಯ ಜೊತೆ ಗುಳಿಗೆ ಆಯಿತು ಎಂದು ಭಟ್ಟರು ಶಾಲೆಯ ಮಕ್ಕಳ ಹಾಗೆ ವರದಿ ಒಪ್ಪಿಸಿದರು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ಅವರು ತಿಂಡಿ ತಿನ್ನುವುದನ್ನು ಕಾದೆ. ಇಡ್ಲಿ ಇಳಿಯಿತು. ವಡೆ ಬೆಂದಿತು. ಹೊರಗೆ ಆಫೀಸಿನ ಜನ ತುಂಬಿದರು. ಮಾಣಿಗಳು ಸರದಿಯ ಮೇಲೆ ಬಂದು ತಿಂದು ಹೋದರು. ನಾನೂ ಎರಡು ಪ್ಲೇಟು ಮುಗಿಸಿದೆ. ಭಟ್ಟರು ಮಾತ್ರ ಒಂದು ತುತ್ತು ಬಾಯಿಗೆ ಹಾಕಲಿಲ್ಲ. ಕೊನೆಗೆ ಕೇಳಿಯೇಬಿಟ್ಟೆ.

"ಗಿರಾಕಿಗಳ ಹೊಟ್ಟೆ ತುಂಬದೆ ಅಡುಗೆಯವ ತಿನ್ನುವ ಕ್ರಮ ಇಲ್ಲ ಅಮ್ಮ," ಎಂದರು. "ರಶ್ಶು ಎಲ್ಲ ಮುಗಿದು ಹನ್ನೊಂದಕ್ಕೆ ತಿನ್ನುದು."

ನಾನು ಹಣೆ ಚಚ್ಚಿಕೊಂಡೆ. ಭಟ್ಟರು ಸುಳ್ಳು ಹೇಳಿರಲಿಲ್ಲ. ತಿಂಡಿಗೆ ಮುಂಚೆ ಗುಳಿಗೆ, ಆಮೇಲೆ ತಿಂಡಿ, ಎಲ್ಲ ಹೇಳಿದಂತೆಯೇ. ನಡುವೆ ಇಡೀ ಬೆಳಗು ಹೋಗುತ್ತಿತ್ತು ಅಷ್ಟೆ. ಅಷ್ಟು ಹೊತ್ತೂ ಆ ಗುಳಿಗೆ ಖಾಲಿ ಹೊಟ್ಟೆಯಲ್ಲಿದ್ದ ಅವರ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇತ್ತು. ನೋಡುತ್ತಿದ್ದಂತೆ ಸೌಟು ಹಿಡಿದ ಅವರ ಕೈ ನಡುಗತೊಡಗಿತು. ಹಣೆಯ ಮೇಲೆ ಬಂದದ್ದು ಒಲೆಯ ಬಿಸಿಯ ಬೆವರಲ್ಲ. ಅಲ್ಲೇ ಬೆರಳು ಚುಚ್ಚಿ, ನನ್ನ ಚೀಲದಲ್ಲಿದ್ದ ಸಕ್ಕರೆ ನೋಡುವ ಮಿಷನ್ನಿಗೆ ಹಿಡಿದೆ. ಅಂಕಿ ತೀರಾ ಕೆಳಗೆ ಇಳಿದಿತ್ತು. ಸಾಂಬಾರಿಗೆಂದು ಇಟ್ಟಿದ್ದ ಬೆಲ್ಲದ ಉಂಡೆ ಮುರಿದು ಅವರ ಕೈಗೆ ತುರುಕಿದೆ. ಅವರು ಬೆಲ್ಲವನ್ನು ನೋಡಿದರು, ಹೊರಗೆ ಕೂತ ಗಿರಾಕಿಗಳನ್ನು ನೋಡಿದರು.

"ಇದು ತಿಂಡಿ ಅಲ್ಲ, ಔಷಧಿ. ಸುಮ್ಮನೆ ತಿನ್ನಿ," ಎಂದು ಗದರಿದೆ.

ಬೆಲ್ಲ ತಿಂದು ಸ್ವಲ್ಪ ಹೊತ್ತು ಕೂತ ಮೇಲೆ ಅವರ ಮುಖಕ್ಕೆ ಕಳೆ ಬಂತು. ಇನ್ನು ಮುಂದೆ ಒಲೆ ಹಚ್ಚಿದ ಕೂಡಲೇ ಎರಡು ಇಡ್ಲಿ ತಿನ್ನಬೇಕು ಎಂದು ನಾನು ಹೇಳಿದೆ. ಆಗುದಿಲ್ಲ ಎಂದರು. ರೇಗಿದೆ, ಗೋಗರೆದೆ. ಎಲ್ಲವನ್ನೂ ಸಮಾಧಾನದಿಂದ ಕೇಳಿ ಮತ್ತೆ ಅದನ್ನೇ ಹೇಳಿದರು. ನನ್ನಷ್ಟು ಹಠಮಾರಿಯನ್ನು ನಾನು ಕಂಡದ್ದು ಕಡಿಮೆ. ಸೋತು ದವಾಖಾನೆಯ ದಾರಿ ಹಿಡಿದೆ. ಅರ್ಧ ದಾರಿಯಲ್ಲಿ ಥಟ್ಟನೆ ಹೊಳೆಯಿತು. ವ್ರತ ಇರುವುದು ಭಟ್ಟರಿಗೆ, ಗುಳಿಗೆಗಲ್ಲವಲ್ಲ. ಅವರು ಹನ್ನೊಂದಕ್ಕೆ ತಿನ್ನುವುದಾದರೆ ಗುಳಿಗೆಯೂ ಹನ್ನೊಂದಕ್ಕೆ ಹೋಗಲಿ.

ಹೊತ್ತು ಬದಲಿಸುವುದು ಸುಲಭ. ತಲೆಸುತ್ತಿನ ಗುಳಿಗೆ ಬೇಡ ಎಂದು ಅದನ್ನು ಬರೆದ ಡಾಕ್ಟರಿಗೇ ಹೇಳುವುದು ನಾಜೂಕಿನ ಕೆಲಸ. ನಾನು ಹೇಳುತ್ತಿದ್ದಂತೆ ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮಿಷನ್ನಿನ ಅಂಕಿ ಕೇಳಿದರು. ಆಮೇಲೆ ತಾವೇ ಚೀಟಿಯಲ್ಲಿ ಆ ಗುಳಿಗೆಯನ್ನು ಹೊಡೆದುಹಾಕಿ, ಇಷ್ಟು ವರ್ಷ ನಾಷ್ಟಾಕ್ಕೆ ಮುಂಚೆ ಎಂದು ಬರೆದದ್ದೇ ಬಂತು, ನಾಷ್ಟಾ ಯಾವಾಗ ಎಂದು ಯಾರನ್ನೂ ಕೇಳಲಿಲ್ಲವಲ್ಲ ಎಂದು ಜೋರಾಗಿ ನಕ್ಕರು. ಮಾರನೆಯ ದಿನದಿಂದ ನೆಗಡಿ ಎಂದು ಬಂದವರನ್ನೂ ನಾಷ್ಟಾ ಎಷ್ಟು ಹೊತ್ತಿಗೆ ಎಂದು ವಿಚಾರಿಸತೊಡಗಿದರು. ಹೊರಗಿನ ಸಾಲು ರಸ್ತೆಯವರೆಗೆ ಬೆಳೆಯಿತು.

ಯಜಮಾನರು ತಿಂಗಳ ಕೊನೆಯವರೆಗೆ ನೋಡೋಣ ಎಂದಿದ್ದರು. ನಾನು ದಿನವೂ ಹೋಟೆಲಿಗೆ ಹೋಗಿ ಭಟ್ಟರ ಬೆರಳು ಚುಚ್ಚಿದೆ. ತಲೆ ತಿರುಗಲಿಲ್ಲ, ಕೈ ನಡುಗಲಿಲ್ಲ. ತಿಂಗಳು ಮುಗಿದ ದಿನ ಯಜಮಾನರು ಕೂಪನ್ ಕೌಂಟರಿಗೆ ಬೇರೆಯವರನ್ನು ನೇಮಿಸಿದರು. ಸುದ್ದಿ ಕೇಳಿ, ಪರೀಕ್ಷೆ ಪಾಸಾದದ್ದು ನಾನೇ ಎಂಬಷ್ಟು ಖುಷಿಯಾಯಿತು.

ಅದಾಗಿ ಕೆಲವು ದಿನಗಳ ಮೇಲೆ ಯಜಮಾನರು ಒಬ್ಬರೇ ಬಂದರು. ಬಾಗಿಲು ಮುಂದೆ ಮಾಡಿ, ಜೇಬಿನಿಂದ ಒಂದು ಗುಳಿಗೆಯ ಪಟ್ಟಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಭಟ್ಟರು ನುಂಗುತ್ತಿದ್ದ ಅದೇ ಸಕ್ಕರೆಯ ಗುಳಿಗೆ. ಊರಿಗೆ ಹೋದಾಗ ಅಲ್ಲಿಯ ಡಾಕ್ಟರು ಬರೆದುಕೊಟ್ಟದ್ದಂತೆ. ಯಾವಾಗ ನುಂಗುತ್ತೀರಿ ಎಂದೆ. ಬೆಳಗ್ಗೆ ಗಲ್ಲಾಪೆಟ್ಟಿಗೆಗೆ ದೀಪ ಹಚ್ಚಿ ಕೂರುವಾಗ ಎಂದರು. ಮತ್ತೆ ತಿಂಡಿ ಎಂದು ಕೇಳಿದೆ.

"ಭಟ್ರು ತಿನ್ನದೆ ನಾನು ಹೇಗೆ ತಿನ್ನುದು? ಹೋಟೆಲ್ ಸುರು ಆದಂದಿನಿಂದ ಇಬ್ರೂ ಒಟ್ಟಿಗೇ ಕೂತ್ಕೊಳ್ಳುದು."

ನಿಮಗೂ ತಲೆ ತಿರುಗುತ್ತದಾ ಎಂದು ಕೇಳಿದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ಇಳಿಸಿದರು.

"ಸ್ವಲ್ಪ. ಭಟ್ರಿಗೆ ಹೇಳ್ಬೇಡಿ ಮೇಡಂ, ನನ್ನನ್ನು ಗಲ್ಲಾದಿಂದ ಇಳಿಸಿಯಾರು."