ಬೆಳೆಯುವ ಹುಡುಗಿಯ ಬಂದೂಕು

ಮಕ್ಕಳಿಗೆಂದು ಹೊಲಿಸಿದ ಬಟ್ಟೆ ಮಕ್ಕಳ ಮೈಗೆ ಸರಿಯಾಗಿ ಕೂರುವುದು ಎರಡು ಹಬ್ಬಗಳ ನಡುವೆ ಎಲ್ಲೋ ಒಂದು ವಾರ ಮಾತ್ರ ಎಂಬುದನ್ನು ನೀವೂ ಗಮನಿಸಿರಬಹುದು. ಅದಕ್ಕೆ ಮೊದಲು ದೊಗಲೆ, ಆಮೇಲೆ ಬಿಗಿ. ಮೂವತ್ತರ ದಶಕದ ಆ ದಿನಗಳಲ್ಲಿ, ಶಿವಮೊಗ್ಗೆಯ ಕೋಟೆಯ ನಮ್ಮ ಬೀದಿಯಲ್ಲಿ, ಲಂಗದ ಅಂಚಿಗೆ ಧಾರಾಳವಾದ ಒಳಮಡಿಕೆ ಇಡದ ತಾಯಿಯನ್ನು ದುಂದುಗಾರ್ತಿಯೆಂದೇ ಎಣಿಸುತ್ತಿದ್ದರು. ಕಾನ್ವೆಂಟಿನಲ್ಲಿ ನನಗೆ ಸೂಜಿ ಹಿಡಿಯಲು ಕಲಿಸಿದ ಸಿಸ್ಟರ್ ಕೂಡ, ಮೋಕ್ಷಮಾರ್ಗದಲ್ಲಿ ನಮ್ಮತ್ತೆಯವರಿಂದ ಎಷ್ಟೇ ದೂರವಿದ್ದರೂ, ಒಳಮಡಿಕೆಯ ವಿಷಯದಲ್ಲಿ ಅವರೊಡನೆ ಸಂಪೂರ್ಣ ಏಕಮತರು. ಹೀಗೆ ಬಟ್ಟೆಯಲ್ಲಿ ಮೊಳೆತ ದೂರದೃಷ್ಟಿ ನಮ್ಮ ಮನೆಯಲ್ಲಿ ಒಂದು ವರ್ಷ ಬಂದೂಕಿನವರೆಗೂ ಹಬ್ಬಿಬಿಟ್ಟಿತು.

ನಮ್ಮ ಯಜಮಾನರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ. ಭಾನುವಾರಗಳಂದು ಅಲ್ಲಿನ ಕ್ಲಬ್ಬಿನ ಹಿಂದಿದ್ದ ಮಣ್ಣಿನ ದಿಬ್ಬದೆದುರು ಕಾಗದ ನಿಲ್ಲಿಸಿ ಗುರಿ ಹೊಡೆಯುವುದು ಅವರ ಏಕೈಕ ವ್ಯಸನ. ಲಿಂಗ ಕಟ್ಟಿದ ಮನೆತನವಾದ್ದರಿಂದ ಆ ಬಂದೂಕಿನ ಬೇಟೆಯೆಂದರೆ ಕಾಗದದ ಮೇಲಿನ ಕಪ್ಪು ವೃತ್ತವಷ್ಟೆ. ಒಂದು ಭಾನುವಾರ ಜೊತೆಗೆ ಹೋಗಿ ನೋಡಿಬಂದ ನಮ್ಮ ಹನ್ನೊಂದರ ಮಗಳು ಗಿರಿಜೆ, ತಾನೂ ಕಲಿಯಬೇಕೆಂದು ಹಠ ಹಿಡಿದು ಅನ್ನ ಬಿಟ್ಟು ಕೂತಳು. ತಂದೆ ಒಪ್ಪಿದರು, ಆದರೆ ಕರಾರಿನ ಮೇಲೆ. ದಸರೆಯ ಹೊತ್ತಿಗೆ ಗುಂಡು ಕಾಗದದ ಮೇಲಾದರೂ ಬೀಳಬೇಕು; ಇಲ್ಲವಾದರೆ ಬಂದೂಕು ಬೀರುವಿಗೆ, ಹುಡುಗಿ ಅತ್ತೆಯವರ ಬಹುದಿನದ ಬಯಕೆಯಾದ ಹಾರ್ಮೋನಿಯಂಗೆ.

ಮೊದಲ ತೊಡಕು ಬಂದೂಕಿನ ಉದ್ದದ್ದು. ಅದರ ಮರದ ಬುಡವನ್ನು ಭುಜಕ್ಕೆ ಆನಿಸಿದರೆ ಬೆರಳು ಟ್ರಿಗರಿಗೆ ಎಟುಕದು. ಬೆರಳು ಎಟುಕಿದರೆ ಬುಡ ಕಂಕುಳಲ್ಲಿ. ಮರ ತಗ್ಗಿಸಲು ಯಜಮಾನರು ಕಾರ್ಖಾನೆಯ ಮುನಿಸ್ವಾಮಿಯನ್ನು ಮನೆಗೆ ಕರೆತಂದರು. ಕಬ್ಬಿಣದಲ್ಲಿ ಎರಕ ಹೊಯ್ಯಬೇಕಾದ ವಸ್ತುವಿನ ಆಕಾರವನ್ನು ಮೊದಲು ಮರದಲ್ಲಿ ಮಾಡಿಕೊಡುವುದು ಅವನ ಕಸುಬು. ಕಬ್ಬಿಣ ಆರುವಾಗ ಕುಗ್ಗುವುದರಿಂದ ಮರದ ಅಚ್ಚನ್ನು ಯಾವಾಗಲೂ ತುಸು ದೊಡ್ಡದಾಗಿಯೇ ಮಾಡಬೇಕಂತೆ. ಅಂತೂ, ಕುಗ್ಗುತ್ತದೆಂದು ಹೆಚ್ಚಿಗೆ ಬಿಡುವವನು, ಬೆಳೆಯುತ್ತದೆಂದು ಹೆಚ್ಚಿಗೆ ಬಿಡುವವರ ಮನೆಗೆ ಬಂದ!

ಮಕ್ಕಳನ್ನೆಲ್ಲ ತನ್ನ ತಮಿಳಿನ ಅಕ್ಕರೆಯಲ್ಲಿ 'ಕಣ್ಣು' ಎಂದೇ ಕರೆಯುವ ಅವನು, "ತೋಳು ಮಡಿಸು ಕಣ್ಣು" ಎಂದು, ಮೊಣಕೈಯ ಮಡಿಕೆಯಿಂದ ತೋರುಬೆರಳಿನವರೆಗೆ ಅಳತೆ ಹಿಡಿದು ಮರದ ಮೇಲೆ ಗೆರೆ ಎಳೆದ. ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ಒಂದೇ ಹೆಜ್ಜೆಗೆ ಗೆರೆಯ ಬಳಿ ಬಂದರು.

"ಅಷ್ಟೊಂದು ಕುಯ್ಯಬೇಡ ಮಾರಾಯ! ಬೆಳೆಯೋ ಹುಡುಗಿ. ಎರಡು ಬೆರಳು ಬಿಟ್ಟು ಕುಯ್ಯಿ."

"ಅದೂ ನಿಜ," ಎಂದರು ಯಜಮಾನರು. "ಕುಯ್ದ ಮರ ಮತ್ತೆ ಚಿಗುರಲ್ಲ."

ಮುನಿಸ್ವಾಮಿ ನನ್ನ ಮುಖ ನೋಡಿದ. ಅದೆಷ್ಟೋ ಲಂಗಗಳ ಅಂಚು ಮಡಿಸಿ ಪಳಗಿದ ನನ್ನ ತಲೆ ನನ್ನನ್ನು ಕೇಳದೆಯೇ ಹೂಂ ಎಂದು ಅಲ್ಲಾಡಿತು.

ಆಮೇಲಿನ ಭಾನುವಾರಗಳ ಕಥೆ ಕೇಳುವಂತಿರಲಿಲ್ಲ. ಚಾಪೆಯ ಮೇಲೆ ಬೋರಲು ಮಲಗಿದ ಹುಡುಗಿ ಕೊಕ್ಕರೆಯ ಹಾಗೆ ಕತ್ತು ಚಾಚಿದರೂ ಕೆನ್ನೆ ಮರಕ್ಕೆ ತಾಗದು. ಬುಡ ಭುಜದಿಂದ ಜಾರಿ ರಟ್ಟೆಗೆ ಗುದ್ದುವುದು. ಗುಂಡುಗಳೆಲ್ಲ ದಿಬ್ಬದ ಪಾಲು, ಕಾಗದ ಮಾತ್ರ ಅಕ್ಷತ. ಕ್ಲಬ್ಬಿನ ಹಿರಿಯರೊಬ್ಬರು, "ಏನಮ್ಮಾ, ನಿಮ್ಮ ಮನೇಲಿ ಕಾಗದಕ್ಕೂ ಹಿಂಸೆ ಮಾಡಲ್ವೇನು?" ಎಂದು ನಕ್ಕರಂತೆ. ಅಂದು ರೈಲಿನಲ್ಲಿ ಹಿಂದಿರುಗುವಾಗ ಯಜಮಾನರು, ಯಾರನ್ನೂ ಉದ್ದೇಶಿಸದೆ, ಹಾರ್ಮೋನಿಯಂ ಮೇಷ್ಟರೊಬ್ಬರ ಮಾತು ತೆಗೆದರಂತೆ. ಗಿರಿಜೆ ಕಿಟಕಿಯ ಕಡೆ ತಿರುಗಿ ಕೂತಳಂತೆ.

ರಟ್ಟೆಯ ಮೇಲಿನ ನೀಲಿ ಕಲೆಗೆ ಎಣ್ಣೆ ಸವರುತ್ತ ನಾನು, "ಸ್ವಲ್ಪ ತಾಳು ಪುಟ್ಟಿ, ಮುಂದಿನ ವರ್ಷಕ್ಕೆ ಸರಿಹೋಗುತ್ತೆ" ಎಂದೆ.

"ಅಮ್ಮ, ಅದು ಮುಂದಿನ ವರ್ಷದ ಗಿರಿಜಂದು," ಎಂದಳು. "ಅವಳನ್ನ ನಾನಿನ್ನೂ ನೋಡೇ ಇಲ್ಲ. ಈ ವರ್ಷ ಇರೋಳು ನಾನು."

ನೀವೇ ಹೇಳಿ, ಇದಕ್ಕೆ ಯಾವ ಕಾನ್ವೆಂಟಿನಲ್ಲಿ ಉತ್ತರ ಕಲಿಸುತ್ತಾರೆ? ಬರಲಿರುವ ಹುಡುಗಿಗಾಗಿ ಬಟ್ಟೆ, ಪಾತ್ರೆ, ಬುದ್ಧಿಮಾತು ಎಲ್ಲವನ್ನೂ ಅಣಿಮಾಡಿಡುವ ಸಂಭ್ರಮದಲ್ಲಿ, ಕಣ್ಣೆದುರಿನ ಹುಡುಗಿಯನ್ನು ನಾವು ಅವಳಿಗಾಗಿ ಜಾಗ ಕಾಯ್ದಿರಿಸಲು ಬಂದವಳಂತೆ ಕಾಣುತ್ತೇವೆ. ಲಂಗ ಇದನ್ನು ಸಹಿಸುತ್ತದೆ. ಲಾಡಿ ಬಿಗಿದರೆ ದೊಗಲೆಯೂ ಸೊಂಟದಲ್ಲಿ ನಿಲ್ಲುತ್ತದೆ. ಬಂದೂಕಿಗೆ ಆ ದಾಕ್ಷಿಣ್ಯವಿಲ್ಲ. ಭುಜ ಈ ಕ್ಷಣ ಎಲ್ಲಿದೆಯೆಂದು ಮಾತ್ರ ಅದು ಕೇಳುತ್ತದೆ.

ದಸರೆಗೆ ಮುಂಚಿನ ಕೊನೆಯ ಭಾನುವಾರ ನಾನೂ ರೈಲು ಹತ್ತಿದೆ. ಕ್ಲಬ್ಬಿನ ಜಗಲಿಗೆ ಮುನಿಸ್ವಾಮಿಯನ್ನು ಕರೆಸಿ, "ಇವತ್ತಿನ ತೋಳಿಗೆ ಕುಯ್ಯಿ" ಎಂದೆ. ಗಂಡನ ವಸ್ತುವಿಗೆ ನಾನಾಗಿ ಗರಗಸ ಹಾಕಿಸಿದ್ದು ಅದೇ ಮೊದಲು.

"ನಾಳೆ ಬೆಳೆದ್ರೆ?" ಎಂದರು ಯಜಮಾನರು.

"ಬೆಳೀಲಿ ಬಿಡಿ ಸಾರ್," ಎಂದ ಮುನಿಸ್ವಾಮಿ. "ತುಂಡು ಎತ್ತಿಡ್ತೀನಿ. ಕಣ್ಣು ಬೆಳೆದಾಗ ಉದ್ದ ತಿರುಪು ಹಾಕಿ ಮತ್ತೆ ಸೇರಿಸಿಕೊಡ್ತೀನಿ."

ಗಿರಿಜೆ ಮಲಗಿದಳು. ಕೆನ್ನೆ ಮರದ ಮೇಲೆ, ದಿಂಬಿಗೆ ಒರಗಿದಷ್ಟು ಸಲೀಸಾಗಿ, ಒರಗಿತು. ಗುಂಡುಗಳು ಹಾರಿದವು. ತಂದೆ ಹೋಗಿ ಕಾಗದ ತಂದರು. ಕಪ್ಪು ವೃತ್ತಕ್ಕೆ ಒಂದೂ ತಾಗಿರಲಿಲ್ಲ. ಆದರೆ ಅದರ ಬಲಗಡೆ, ಒಂದು ಅಡಿಕೆ ಇಟ್ಟರೆ ಮುಚ್ಚಿಹೋಗುವಷ್ಟು ಜಾಗದಲ್ಲಿ, ತೂತುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು.

"ಮಧ್ಯಕ್ಕೇ ಗುರಿ ಇಟ್ಟಿದ್ದೆ ಅಪ್ಪಾಜಿ," ಎಂದಳು.

ಅವರು ತೂತುಗಳಿಂದ ವೃತ್ತದ ಮಧ್ಯದವರೆಗಿನ ದೂರವನ್ನು ಬೆರಳಿನಿಂದ ಅಳೆದರು. ಆಮೇಲೆ ಗರಿಗರಿ ಪಂಚೆಯ ಪರಿವೆಯಿಲ್ಲದೆ ಮಣ್ಣಿನಲ್ಲಿ ಮಂಡಿಯೂರಿ, ಮುನಿಸ್ವಾಮಿಯ ಸಣ್ಣ ಸುತ್ತಿಗೆಯನ್ನು ಕೇಳಿ ತೆಗೆದುಕೊಂಡು, ಕಣ್ಣಿಟ್ಟು ಗುರಿ ಹಿಡಿಯುವ ಬಂದೂಕಿನ ಹಿಂದಿನ ಸೈಟನ್ನು ಮೆಲ್ಲಗೆ ತಟ್ಟಿ ಕೂದಲೆಳೆಯಷ್ಟು ಎಡಕ್ಕೆ ಸರಿಸಿದರು. ಬಂದೂಕನ್ನು ಅವಳ ಕೈಗೆ ಮರಳಿಸಿದಾಗ, ಅವಳು ತಪ್ಪು ತಿದ್ದಿಕೊಳ್ಳುವವಳಂತೆ ಮೈಯನ್ನು ಅತ್ತಿತ್ತ ಹೊರಳಿಸತೊಡಗಿದಳು.

ಯಜಮಾನರು ಅವಳ ಬೆನ್ನ ಮೇಲೆ ಕೈಯಿಟ್ಟರು.

"ನೀನು ಇದ್ದ ಹಾಗೇ ಇರು," ಎಂದರು.