ಮಾವ ಗಿಳಿಗೆ ಕಲಿಸಿದ ಮಾತು

ಮದುವೆಯಾಗಿ ನಾನು ಬೆಟಗೇರಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಗಂಡನ ಮನೆಯಲ್ಲಿ ಎರಡು ಕೈಮಗ್ಗಗಳಿದ್ದವು. ಅತ್ತೆ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಇದ್ದದ್ದು ಮಾವ, ನನ್ನ ಗಂಡ, ಪಡಸಾಲೆಯ ತೊಲೆಗೆ ತೂಗುಹಾಕಿದ ಪಂಜರದಲ್ಲಿ ಒಂದು ಗಿಳಿ.

ಮಾವ ಆ ಗಿಳಿಯನ್ನು ಮಗುವಿನ ಹಾಗೆ ಸಾಕಿದ್ದಾರೆಂದು ಓಣಿಯವರೆಲ್ಲ ಹೊಗಳುತ್ತಿದ್ದರು. ಆ ಸಾಕಣೆಯನ್ನು ದಿನವೂ ಹತ್ತಿರದಿಂದ ನೋಡಿದವಳು ನಾನು. ತಂಬಾಕು ತುಂಬಿದ ಬಾಯಲ್ಲೇ ಶೇಂಗಾ ಕಾಳನ್ನು ಅರ್ಧ ಅಗಿದು, ತುಟಿಯ ಮೇಲಿಟ್ಟುಕೊಂಡು ಹಕ್ಕಿಗೆ ತಿನ್ನಿಸುತ್ತಿದ್ದರು. ಕಂದು ಎಂಜಲು ಅದರ ಎದೆಯ ಹಸಿರು ಗರಿಗಳ ಮೇಲೆ ಸುರಿದು ಒಣಗಿ ಗಟ್ಟಿಯಾಗುತ್ತಿತ್ತು. ತಮ್ಮ ಕಾಲಿನ ಉಗುರು ತೆಗೆಯುವ ಕತ್ತರಿಯಿಂದಲೇ ಅದರ ರೆಕ್ಕೆ ಕತ್ತರಿಸುತ್ತಿದ್ದರು. ಪಂಜರದ ತಳದ ತಗಡು ತೊಳೆಯುವುದು ನನ್ನ ಪಾಲಿನ ಕೆಲಸ. ಹಿಕ್ಕೆ, ಕೊಳೆತ ಪೇರಲಹಣ್ಣು, ಹುಳಿತ ಕಡಲೆ ಎಲ್ಲ ಸೇರಿ ನಾತ ಏಳುತ್ತಿತ್ತು. ಆಮೇಲೆ ರೊಟ್ಟಿ ಬಡಿಯಲು ಕೂತರೂ ಕೈಯಲ್ಲಿ ಅದೇ ವಾಸನೆ.

ಮೂರು ವರ್ಷ ಕಳೆದರೂ ನನಗೆ ಮಕ್ಕಳಾಗಲಿಲ್ಲ. ಆಗ ಮಾವ ಗಿಳಿಗೆ ಹೊಸ ಪಾಠ ಶುರುಮಾಡಿದರು. ಬೆಳಿಗ್ಗೆ ಪಂಜರಕ್ಕೆ ಬಟ್ಟೆ ಹೊದಿಸಿ, ಹಸಿದ ಹಕ್ಕಿಯ ಮುಂದೆ ಕೂತು ಎರಡೇ ಎರಡು ಶಬ್ದಗಳನ್ನು ಮತ್ತೆ ಮತ್ತೆ ಹೇಳುವರು. ನಾನು ಕೊಡ ಹೊತ್ತು ಹೊಸ್ತಿಲು ದಾಟಿದ ಕೂಡಲೇ ಬಟ್ಟೆ ಸರಿಸುವರು. ಗಿಳಿ ಸರಿಯಾಗಿ ನುಡಿದರೆ ಶೇಂಗಾ, ಇಲ್ಲವಾದರೆ ಮತ್ತೆ ಕತ್ತಲು. ತಿಂಗಳೊಳಗೆ ಅದು ಕಲಿತುಬಿಟ್ಟಿತು. ಕಲ್ಲಿನ ನೆಲದ ಮೇಲೆ ನನ್ನ ಕಾಲುಂಗುರದ ಸಪ್ಪಳ ಕೇಳಿದರೆ ಸಾಕು, “ಬಂಜಿ ಬಂದ್ಳು” ಅನ್ನುತ್ತಿತ್ತು.

ಮಾವ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ ನನ್ನ ಗಂಡ ತಲೆ ಎತ್ತುತ್ತಿರಲಿಲ್ಲ.

“ಮಾವಾರ, ಅದಕ್ಕ ಬ್ಯಾರೆ ಮಾತು ಕಲಸ್ರಿ,” ಎಂದು ಒಮ್ಮೆ ಕೇಳಿಯೇಬಿಟ್ಟೆ.

“ಪಾಪ, ತಿಳೀಲಾರದ ಪ್ರಾಣಿ. ಅದರ ಮ್ಯಾಲೆ ಯಾಕ ಸಿಟ್ಟವಾ?” ಅಂದರು, ಎಂಜಲು ಒರೆಸಿಕೊಳ್ಳುತ್ತ.

ಒಂದು ಬೇಸಿಗೆಯ ಮಧ್ಯಾಹ್ನ ನಾನು ಬೇಕೆಂದೇ ಅದರ ಬಟ್ಟಲಿಗೆ ನೀರು ಹಾಕಲಿಲ್ಲ. ಸಂಜೆಯ ಹೊತ್ತಿಗೆ ಅದು ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು, ಕಪ್ಪು ನಾಲಗೆ ಒಣಗಿಹೋಗಿತ್ತು. ನನ್ನನ್ನು ಕಂಡು ಆ ಸ್ಥಿತಿಯಲ್ಲೂ ಅದೇ ಮಾತು ಹೇಳಿತು. ಏನಾದರೂ ಸಿಗಬೇಕೆಂದರೆ ಅದನ್ನೇ ಹೇಳಬೇಕೆಂದಷ್ಟೇ ಅದಕ್ಕೆ ತಿಳಿದಿತ್ತು. ಓಡಿಹೋಗಿ ನೀರು ತಂದಿಟ್ಟೆ. ಮಾವನ ಮೇಲಿದ್ದ ಹೇಸಿಕೆ ಆ ದಿನ ನನ್ನ ಮೇಲೆಯೇ ಬಂತು.

ಅಂದಿನಿಂದ ಮಾವ ಹೊರಗೆ ಹೋದಾಗ ಒದ್ದೆ ಬಟ್ಟೆಯಿಂದ ಅದರ ಎದೆ ಒರೆಸತೊಡಗಿದೆ. ಸುಮ್ಮನಿದ್ದರೆ ಒಂದು ಹಸಿಮೆಣಸಿನಕಾಯಿ ಕೊಡುತ್ತಿದ್ದೆ. ಕೆಲವು ದಿನ ಸುಮ್ಮನೂ ಇತ್ತು. ಸರಳುಗಳ ನಡುವೆ ತಲೆ ಬಗ್ಗಿಸಿ, ನಾನು ಕುತ್ತಿಗೆ ಕೆರೆಯಲೆಂದು ಕಾಯುತ್ತಿತ್ತು. ಮರುದಿನ ಮಾವ ಮತ್ತೆ ಬಟ್ಟೆ ಹೊದಿಸುತ್ತಿದ್ದರು.

ಆ ವರ್ಷ ನಾಗರಪಂಚಮಿಗೆ ನಾನು ತವರಿಗೆ, ಮುಂಡರಗಿಗೆ, ಹೊರಟೆ. ಮಾವ ಲಕ್ಷ್ಮೇಶ್ವರದ ತಂಗಿಯ ಮನೆಗೆ ಹೋಗಿದ್ದರು. ಗಿಳಿಯನ್ನು ನೋಡಿಕೊಳ್ಳುವುದು ಗಂಡನಿಂದ ಆಗದ ಕೆಲಸವೆಂದು ಪಂಜರವನ್ನೂ ಬಸ್ಸಿನಲ್ಲಿ ಒಯ್ದೆ. ತವರಿನ ಹೊಸ್ತಿಲು ದಾಟಿದ ಕೂಡಲೇ ಗಿಳಿ ನನ್ನ ಕೈಯಲ್ಲಿದ್ದ ಪಂಜರದೊಳಗಿಂದ ಅದೇ ಮಾತು ಹೇಳಿತು.

ಅವ್ವ ಹೋಳಿಗೆಯ ಹೂರಣ ರುಬ್ಬುತ್ತಿದ್ದಳು. ಕೈ ನಿಂತಿತು. “ಇದಕ್ಕ ಈ ಮಾತು ಯಾರು ಕಲಸ್ಯಾರ?” ಎಂದು ಕೇಳಿದಳು. ಅಷ್ಟು ವರ್ಷ ಅವಳಿಗೆ ನಾನು ಏನೂ ಹೇಳಿರಲಿಲ್ಲ. ಅವತ್ತು ಹೇಳಿದೆ.

ಎಂಟು ದಿನಕ್ಕೆ ಕರೆದೊಯ್ಯಲು ಗಂಡ ಬಂದ. ನಾನು ನೀರಿನ ತಂಬಿಗೆ ತಂದಿಟ್ಟಾಗ ಗಿಳಿ ತನ್ನ ಪಾಠ ಒಪ್ಪಿಸಿತು.

“ಕೇಳಿದ್ರಿ ಅಳ್ಯಾರ?” ಅಂದಳು ಅವ್ವ.

“ಹಕ್ಕಿ ಐತ್ರಿ ಅತ್ತಿ. ಅದಕ್ಕೇನ ಗೊತ್ತಾಗ್ತೈತಿ,” ಅಂದ.

“ಹಕ್ಕಿಗೆ ಗೊತ್ತಿಲ್ಲ ಖರೆ. ನಿಮಗ ಗೊತ್ತಿತ್ತಲ್ರಿ.”

ಅವನು ತಂಬಿಗೆ ಮುಟ್ಟದೆ ಎದ್ದುಹೋದ. ಅವ್ವ ನನ್ನನ್ನು ಕಳಿಸಲಿಲ್ಲ, ನಾನೂ ಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅವನು ಗದಗಿನಲ್ಲಿ ಒಂದು ಬಾಡಿಗೆ ಖೋಲಿ ಹಿಡಿದು ಮತ್ತೆ ಬಂದ. “ಅಪ್ಪನ ಮುಂದ ಮಾತಾಡಾಕ ನನಗ ಬಾಯಿ ಬರಲಿಲ್ಲ,” ಅಂದ. ಕ್ಷಮಿಸಿದೆ ಎಂದು ಈಗಲೂ ಹೇಳಲಾರೆ. ಆದರೂ ಜೊತೆಗೆ ಹೋದೆ. ಗಿಳಿಯನ್ನು ಅವ್ವನ ಬಳಿಯೇ ಬಿಟ್ಟೆ. ಗರಿ ಬೆಳೆದ ಮೇಲೆ ಅವಳು ಪಂಜರದ ಬಾಗಿಲು ತೆರೆದಿಟ್ಟಳು. ಅದು ಹಿತ್ತಲಿನ ಬೇವಿನ ಮರಕ್ಕೆ ಹಾರಿ, ಸಂಜೆ ಇಳಿದು ಬಂದು ಅವಳ ಹಿಂದೆ ಅಡಿಗೆಮನೆಗೆ ನಡೆಯುತ್ತಿತ್ತು. ಬಯ್ಗುಳ ಮರೆಯಲಿಲ್ಲ. ಐದು ಮಕ್ಕಳನ್ನು ಹೆತ್ತ ಅವ್ವನಿಗೂ ಹೇಳುತ್ತಿತ್ತು, ಅವಳು “ಹೌದಪಾ, ಬಂದೆ” ಎಂದು ಕಾಳು ಹಾಕುತ್ತಿದ್ದಳು.

ಮುಂದಿನ ದೀಪಾವಳಿಗೆ ಗಂಡನ ಜೊತೆ ಬೆಟಗೇರಿಗೆ ಹೋದೆ. ಪಡಸಾಲೆಯಲ್ಲಿ ಹೊಸ ಪಂಜರವಿತ್ತು. ಕುತ್ತಿಗೆಯ ಗರಿ ಇನ್ನೂ ಪೂರ್ತಿ ಮೂಡದ ಮರಿಯೊಂದು ಮಾವನ ತುಟಿಯಿಂದ ಅಗಿದ ಕಾಳು ಕಿತ್ತುಕೊಳ್ಳುತ್ತಿತ್ತು. ಮಾವ ಬಾಯಿ ಒರೆಸಿಕೊಂಡು, “ಬಾರವಾ, ಕುಂಡ್ರು. ಇದು ಭಾಳ ಶಾಣ್ಯಾ ಐತಿ, ಜಲ್ದಿ ಕಲೀತೈತಿ,” ಅಂದರು.

ತಂದಿದ್ದ ಕರಚಿಕಾಯಿಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೊರಗೆ ಬಂದು ನಿಂತೆ. ಗಂಡ ಒಳಗೆ ಊಟ ಮುಗಿಸಿ ಬರುವವರೆಗೂ ಬೀದಿಯಲ್ಲೇ ನಿಂತಿದ್ದೆ.