ಒಂದು ಉಸಿರಿನ ಬಿಡುವು

ನಸುಕಿನ ಬೆಳಕು ಕಿಟಕಿಯ ಗಾಜನ್ನು ಮುಟ್ಟುವ ಹೊತ್ತು. ಬಸ್ಸು ಸಂಸ್ಥೆಯ ಗಣಕ ವಿಭಾಗದಲ್ಲಿ ಕುರ್ಚಿಗಳೆಲ್ಲ ಖಾಲಿ. ಮೂಲೆಯ ಮೇಜಿನಲ್ಲಿ ಮಾತ್ರ ಮಹಿಳೆಯೊಬ್ಬರು ಕನ್ನಡಕವನ್ನು ಹಣೆಗೇರಿಸಿ, ಪರದೆಯ ಮೇಲಿನ ಒಂದೇ ಸಾಲನ್ನು ದಿಟ್ಟಿಸುತ್ತಿದ್ದಾರೆ. ಕಚೇರಿಗೆ ಇವರು ‘ಬಾಕಿ ಮೇಡಂ’.

ತಂತ್ರಾಂಶ ಬರೆಯುವವರು ಅರ್ಧಕ್ಕೆ ಬಿಟ್ಟ ಕೆಲಸದ ಪಕ್ಕದಲ್ಲಿ ‘ಆಮೇಲೆ ಮಾಡಬೇಕು’ ಎಂದು ಕೋಡಿನೊಳಗೇ ಬರೆದಿಡುವುದುಂಟು. ಯಂತ್ರ ಅದನ್ನು ಓದದು, ಬರೆದವರು ಮರೆಯುತ್ತಾರೆ. ಅಂಥ ಸಾಲುಗಳನ್ನು ಹುಡುಕಿ, ಗಡುವು ಹಾಕಿ, ಬರೆದವರ ಬೆನ್ನುಹತ್ತುವುದೇ ಇವರ ಕಾಯಕ. “ಮಾಡಿ, ಇಲ್ಲಾಂದ್ರೆ ಅಳಿಸಿ. ಸುಮ್ನೆ ಇಟ್ಕೊಂಡು ಪೂಜೆ ಮಾಡ್ಬೇಡಿ!”

ಈ ಕಟ್ಟಳೆ ಒಂದು ಸಾಲಿಗೆ ಮಾತ್ರ ತಾಗಿಲ್ಲ. ನಿಲ್ದಾಣಗಳಲ್ಲಿ ಬಸ್ಸು ಬರುವುದನ್ನು ಸಾರುವ ಧ್ವನಿಯ ಕೋಡಿನಲ್ಲಿ ಅದಿದೆ: ‘ಬಸ್ಸಿನ ಸಂಖ್ಯೆಗೂ ಊರಿನ ಹೆಸರಿಗೂ ನಡುವೆ ಒಂದು ಉಸಿರಿನ ಬಿಡುವು ಬೇಕು. ಅಪ್ಪನಿಗೆ ತಿಳಿಯುತ್ತಿಲ್ಲ. ಮಾಡುವೆ, ನಾಳೆ.’ ಬರೆದವರು ಇವರ ಅಕ್ಕ. ಇದೇ ಮೇಜಿನಲ್ಲಿ ತಂಗಿಗೆ ಕೆಲಸ ಕಲಿಸಿದವರು. ಆ ನಾಳೆ ಅಕ್ಕನ ಪಾಲಿಗೆ ಬರಲಿಲ್ಲ. ಕೆಲಸ ಮುಗಿಸಿದರೆ ಸಾಲನ್ನು ಅಳಿಸಲೇಬೇಕು. ಅದಕ್ಕೆ ಮನಸ್ಸೊಪ್ಪದೆ, ಗಡುವು ಬಂದಾಗಲೆಲ್ಲ ತಂಗಿ ಮುಂದೂಡುತ್ತಲೇ ಇದ್ದಾರೆ.

“ಊರಿಗೆಲ್ಲ ಗಡುವು, ಅಕ್ಕಂಗೆ ಮಾತ್ರ ವಿನಾಯ್ತಿನಾ?” ಎಂದು ಪಕ್ಕದ ಮೇಜಿನ ಗೆಳತಿ ಛೇಡಿಸುತ್ತಾರೆ.

“ನಿಮ್ದೆಲ್ಲ ಸೋಮಾರಿತನ ಕಣೇ. ಅವಳದು ಹಾಗಲ್ಲ.”

ಕಣ್ಣು ಕಾಣದ ತಂದೆ ಮೊನ್ನೆ ಬೇರೆ ಬಸ್ಸು ಹತ್ತಿ, ಎಲ್ಲೋ ಇಳಿದು, ಬಿಸಿಲಲ್ಲಿ ನಿಂತಿದ್ದರು. ಕರೆತರಲು ಹೋದ ಮಗಳಿಗೆ ಬೈಯಲಿಲ್ಲ. “ಸಂಖ್ಯೆ, ಊರು ಎರಡೂ ಕಲಸಿಹೋಯ್ತಮ್ಮ. ಅವಳಿದ್ದಿದ್ರೆ ಸರಿ ಮಾಡಿರೋಳು,” ಎಂದಷ್ಟೇ ಹೇಳಿದರು.

ಆ ಮಾತು ಮುಳ್ಳಾಗಿ ಉಳಿದಿದೆ. ಇಂದು ಬಾಕಿ ಮೇಡಂ ಬಿಡುವನ್ನು ಸೇರಿಸುತ್ತಾರೆ. ಬಳಿಕ ಅಕ್ಕನ ಸಾಲನ್ನು ಮೊದಲಿನಿಂದ ಒಂದೊಂದೇ ಅಕ್ಷರವಾಗಿ ಅಳಿಸುತ್ತ ಬರುತ್ತಾರೆ. ಕೊನೆಗೆ ‘ನಾಳೆ’ ಒಂದೇ ಉಳಿಯುತ್ತದೆ. ಬೆರಳು ಅಲ್ಲೇ ನಿಲ್ಲುತ್ತದೆ. ಕಾರಿಡಾರಿನಲ್ಲಿ ಹೆಜ್ಜೆಸಪ್ಪಳ ಕೇಳುವ ಮುನ್ನ ಅದೂ ಇಲ್ಲವಾಗುತ್ತದೆ.

ಸಂಜೆ ತಂದೆಯ ಕೈಹಿಡಿದು ನಿಲ್ದಾಣದಲ್ಲಿ ನಿಂತಿದ್ದಾರೆ. ಧ್ವನಿ ಸಂಖ್ಯೆ ಹೇಳುತ್ತದೆ, ಕ್ಷಣ ತಡೆಯುತ್ತದೆ, ಆಮೇಲೆ ಊರು.

“ಮಧ್ಯೆ ಸುಮ್ಮನಾಯ್ತಲ್ಲಪ್ಪಾ, ಅದು ಅಕ್ಕ.”

ಅವರ ಬಸ್ಸೇ ಬಂದು ನಿಂತಿದೆ. ತಂದೆ ಕದಲುವುದಿಲ್ಲ. “ಇದು ಹೋಗ್ಲಿ ಬಿಡಮ್ಮ. ಇನ್ನೊಂದು ಬರ್ಲಿ. ಇನ್ನೊಂದ್ಸಲ ಕೇಳೋಣ.”